ಮಿಡಿ ಉಪ್ಪಿನಕಾಯಿಯೋ, ಉಪ್ಪುಸೊಳೆಯೋ? ಹೃದಯದ ಡಾಕ್ಟರೊಬ್ಬರ ಲೆಕ್ಕ



ಕಳೆದ ಸಲ ಮನೆಯಲ್ಲೇ ಬಿಪಿ ನೋಡಿಕೊಳ್ಳುವುದು ಹೇಗೆ ಎಂದು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟು ಬಿಪಿಯ ಬಗ್ಗೆ ಅಲ್ಲ, ಉಪ್ಪಿನಕಾಯಿಯ ಬಗ್ಗೆ! ಠಾಣೆಯ ಸಹೋದರಿಯೊಬ್ಬರು ಕೇಳಿದ್ದು ಹೀಗೆ: "ಡಾಕ್ಟ್ರೇ, ಊರಿಂದ ಬರುವಾಗ ಅತ್ತೆ ಒಂದು ಭರಣಿ ಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ಉಪ್ಪುಸೊಳೆ ತಂದಿದ್ದಾರೆ. ಮಾವನವರಿಗೆ ಹಾರ್ಟ್ ತೊಂದರೆ ಇದೆ. ಎರಡರಲ್ಲಿ ಯಾವುದರಲ್ಲಿ ಪೌಷ್ಟಿಕಾಂಶ ಜಾಸ್ತಿ? ಯಾವುದನ್ನು ಕೊಡಬಹುದು?"

ಉಪ್ಪುಸೊಳೆ ಗೊತ್ತಿಲ್ಲದ ಬಯಲುಸೀಮೆಯವರಿಗೆ ಒಂದು ಮಾತು. ಬಲಿತ, ಆದರೆ ಹಣ್ಣಾಗದ ಹಲಸಿನ ತೊಳೆಯನ್ನು ಬಿಡಿಸಿ ಉಪ್ಪಿನಲ್ಲಿ ಹಾಕಿಡುವುದೇ ಉಪ್ಪುಸೊಳೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಮೇ ತಿಂಗಳಲ್ಲಿ ಭರಣಿಗೆ ಹೋದದ್ದು ಆಟಿಯ ಮಳೆಯಲ್ಲಿ ಹೊರಗೆ ಬರುತ್ತದೆ. ಪಲ್ಯವಾಗುತ್ತದೆ, ರೊಟ್ಟಿಯಾಗುತ್ತದೆ, ಎಣ್ಣೆಯಲ್ಲಿ ಕರಿದರೆ ಗಾರಿಗೆಯೂ ಆಗುತ್ತದೆ. ಮಿಡಿಯ ಬಗ್ಗೆ ಹೇಳಬೇಕಾಗಿಲ್ಲ. ಶಿರಸಿ, ಸಾಗರ, ರಿಪ್ಪನ್‌ಪೇಟೆ ಕಡೆಯವರು ಅಪ್ಪೆಮಿಡಿಯ ವಿಷಯಕ್ಕೆ ಬಂದರೆ ಮಾತು ನಿಲ್ಲಿಸುವುದೇ ಇಲ್ಲ.

ಕೇಳಿದ ಪ್ರಶ್ನೆಗೆ ನೇರ ಉತ್ತರ ಮೊದಲು. ಪೌಷ್ಟಿಕಾಂಶ ಎಂದು ಮಾತ್ರ ನೋಡಿದರೆ ಸೊಳೆಯೇ ಮುಂದೆ, ಅದರಲ್ಲಿ ಸಂಶಯವಿಲ್ಲ. ಆದರೆ ಹೃದಯದ ರೋಗಿ ಇರುವ ಮನೆಯಲ್ಲಿ ಇದು ಎರಡನೆಯ ಪ್ರಶ್ನೆ. ಮೊದಲನೆಯದು, ಆ ಪದಾರ್ಥದ ಜೊತೆ ತಟ್ಟೆಗೆ ಎಷ್ಟು ಉಪ್ಪು ಬರುತ್ತಿದೆ ಎಂಬುದು. ಅದನ್ನು ನೋಡಿದರೆ ಒಂದೇ ಭರಣಿಯ ಸೊಳೆ ಒಂದು ಮನೆಯಲ್ಲಿ ನಿರಪಾಯದ ತರಕಾರಿ, ಪಕ್ಕದ ಮನೆಯಲ್ಲಿ ಆಸ್ಪತ್ರೆಗೆ ದಾರಿ. ವ್ಯತ್ಯಾಸ ಇರುವುದು ಅದನ್ನು ಎಷ್ಟು ಹೊತ್ತು ನೀರಿನಲ್ಲಿ ನೆನೆಹಾಕಿದರು ಎಂಬುದರಲ್ಲಿ.

ಮೊದಲು ಪೌಷ್ಟಿಕಾಂಶದ ಮಾತು ಮುಗಿಸಿಬಿಡೋಣ.

ಮಾವಿನ ಮಿಡಿಯಲ್ಲಿ ವಿಟಮಿನ್ ಸಿ ಇದೆ ನಿಜ. ಉಪ್ಪು ಬಿದ್ದ ಕೂಡಲೇ ಮಿಡಿ ನೀರು ಬಿಟ್ಟು ಸುಕ್ಕುತ್ತದೆ, ಆ ನೀರಿನ ಜೊತೆ ಕರಗುವ ಅಂಶಗಳೂ ಹೊರಗೆ ಬರುತ್ತವೆ. ಹುಳಿ ಇರುವುದರಿಂದ ವಿಟಮಿನ್ ಸಿ ಸ್ವಲ್ಪ ಉಳಿಯಲೂಬಹುದು. ಎಲ್ಲವೂ ಉಳಿಯಿತು ಎಂದೇ ಇಟ್ಟುಕೊಳ್ಳಿ. ನಾವು ತಿನ್ನುವುದು ಎಷ್ಟು? ಒಂದು ಮಿಡಿ, ಮಸಾಲೆ ಸೇರಿ ಹತ್ತು ಗ್ರಾಂ. ಒಂದು ಪೇರಲೆ ಹಣ್ಣಿನ ಮುಂದೆ, ಒಂದು ನೆಲ್ಲಿಕಾಯಿಯ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಸಾಸಿವೆ, ಅರಿಶಿನ, ಮೆಣಸಿನ ಗುಣಗಳ ಬಗ್ಗೆ ಉದ್ದುದ್ದ ಫಾರ್ವರ್ಡ್‌ಗಳು ಓಡಾಡುತ್ತವೆ. ಚಿಟಿಕೆ ಅರಿಶಿನದಿಂದ ಹೃದಯದ ರಕ್ತನಾಳ ಶುದ್ಧವಾಗುವಂತಿದ್ದರೆ ನಮ್ಮ ಊರುಗಳಲ್ಲಿ ಯಾರಿಗೂ ಹಾರ್ಟ್ ಅಟ್ಯಾಕ್ ಆಗಬಾರದಿತ್ತು. ಇನ್ನೊಂದು, ಉಪ್ಪಿನಕಾಯಿಯಲ್ಲಿ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುತ್ತದೆ ಎಂಬ ಮಾತು. ನಾವು ಮಿಡಿಗೆ ಹಾಕುವಷ್ಟು ಉಪ್ಪು ಹಾಕಿದರೆ ಕೆಟ್ಟ ಕ್ರಿಮಿಯೂ ಬದುಕುವುದಿಲ್ಲ, ಒಳ್ಳೆಯದೂ ಹೆಚ್ಚು ಬೆಳೆಯುವುದಿಲ್ಲ. ಉಪ್ಪು ಹಾಕುವುದೇ ಆ ಕಾರಣಕ್ಕೆ. ಒಳ್ಳೆಯ ಬ್ಯಾಕ್ಟೀರಿಯಾ ಬೇಕಿದ್ದರೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಇದೆಯಲ್ಲ.

ಸೊಳೆಯ ಕಥೆ ಬೇರೆ. ಅದನ್ನು ಚಮಚದಲ್ಲಿ ನೆಂಚಿಕೊಳ್ಳುವುದಿಲ್ಲ, ಬಟ್ಟಲಲ್ಲಿ ಬಡಿಸಿಕೊಳ್ಳುತ್ತೇವೆ. ಹಾಗಾಗಿ ನಾರಿನಂಶ ಕಣ್ಣಿಗೆ ಕಾಣುವಷ್ಟು ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿದ್ದು, ಆಮೇಲೆ ಮತ್ತೆ ನೀರಿನಲ್ಲಿ ನೆನೆದು, ಹಿಂಡಿಸಿಕೊಂಡು, ಬೆಂದ ಮೇಲೆ ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ಇವೆಲ್ಲ ಬಹುಪಾಲು ನೀರಿನ ಜೊತೆ ಹೋಗಿರುತ್ತವೆ. ಉಳಿಯುವುದು ನಾರು ಮತ್ತು ಪಿಷ್ಟ. ಪಿಷ್ಟ ಎಂದರೆ ಅನ್ನದಲ್ಲಿ ಇರುವುದೇ. ಡಯಾಬಿಟಿಸ್ ಇರುವವರು ಇದನ್ನು ಗಮನಿಸಬೇಕು. ಹಲಸು ಸಕ್ಕರೆ ಕಾಯಿಲೆಗೆ ಮದ್ದು ಎಂಬ ಸಂದೇಶ ನಿಮಗೂ ಬಂದಿರುತ್ತದೆ. ಎಳೆಯ ಗುಜ್ಜೆಯಲ್ಲಿ ಪಿಷ್ಟ ಕಡಿಮೆ, ಸರಿ. ಉಪ್ಪುಸೊಳೆಗೆ ಹಾಕುವುದು ಗುಜ್ಜೆಯಲ್ಲ, ಬಲಿತ ಕಾಯಿ. ಸೊಳೆಯ ಪಲ್ಯ ಒಂದು ಬಟ್ಟಲು ತಿಂದರೆ ಅಷ್ಟು ಅನ್ನ ಕಡಿಮೆ ಮಾಡಿ.

ಇಷ್ಟೇ ಪೌಷ್ಟಿಕಾಂಶದ ಹೋಲಿಕೆ. ಇನ್ನು ಉಪ್ಪಿಗೆ ಬರೋಣ. ಇಲ್ಲಿ ಸ್ವಲ್ಪ ಗಣಿತ ಮಾಡಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಇದು ಮೇಲಿನಿಂದ ಉದುರಿಸುವ ಉಪ್ಪಲ್ಲ. ಸಾರು, ಸಾಂಬಾರು, ಚಟ್ನಿ, ಬ್ರೆಡ್ಡು, ಬಿಸ್ಕತ್ತು, ಹಪ್ಪಳ ಎಲ್ಲ ಸೇರಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ. ನಮ್ಮ ದೇಶದಲ್ಲಿ ಹೆಚ್ಚಿನವರು ಇದಕ್ಕಿಂತ ಬಹಳ ಜಾಸ್ತಿ ತಿನ್ನುತ್ತಿದ್ದಾರೆ.

ಈಗ ಮಿಡಿ. ಮನೆಯ ಅಳತೆ ಒಂದೊಂದು ಕಡೆ ಒಂದೊಂದು ರೀತಿ. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು ಎಂದು ಇಟ್ಟುಕೊಳ್ಳಿ. ಮಿಡಿ ಬಿಟ್ಟ ನೀರನ್ನೇ ಕುದಿಸಿ ಆರಿಸಿ ಮಸಾಲೆ ಬೀಸಲು ಬಳಸುತ್ತಾರೆ. ಹಾಗಾಗಿ ಹಾಕಿದ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಭರಣಿಯಲ್ಲೇ ಇರುತ್ತದೆ. ಮೆಣಸು, ಸಾಸಿವೆ ಸೇರಿ ಒಟ್ಟು ತೂಕ ಒಂದೂಕಾಲರಿಂದ ಒಂದೂವರೆ ಕಿಲೋ ಆದರೆ, ನೂರು ಗ್ರಾಂ ಉಪ್ಪಿನಕಾಯಿಯಲ್ಲಿ ಉಪ್ಪು ಸುಮಾರು 17ರಿಂದ 20 ಗ್ರಾಂ. ಉಪ್ಪು ಕಡಿಮೆ ಹಾಕುವ ಮನೆಯಲ್ಲಿ 12 ಇರಬಹುದು. ನಡುವಿನ ಲೆಕ್ಕ ಹಿಡಿದರೆ ಹತ್ತು ಗ್ರಾಂನ ಒಂದು ಮಿಡಿಯಲ್ಲಿ ಒಂದೂವರೆ ಗ್ರಾಂ ಉಪ್ಪು. ಮಧ್ಯಾಹ್ನ ಎರಡು, ರಾತ್ರಿ ಎರಡು ಮಿಡಿ ತಿಂದವರಿಗೆ 6 ಗ್ರಾಂ. ದಿನದ ಮಿತಿ ಉಪ್ಪಿನಕಾಯಿಯಲ್ಲೇ ಮುಗಿಯಿತು. ಅನ್ನ ಸಾರು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈಗ ಸೊಳೆ. ಒಂದು ಕಿಲೋ ಸೊಳೆಗೆ 150ರಿಂದ 200 ಗ್ರಾಂ ಉಪ್ಪು ಎಂದರೆ ನೂರು ಗ್ರಾಂನಲ್ಲಿ ಸುಮಾರು 15 ಗ್ರಾಂ. ನೋಡಲು ಮಿಡಿಯಷ್ಟೇ. ಆದರೆ ಸೊಳೆಯನ್ನು ಯಾರೂ ಹಾಗೇ ತಿನ್ನುವುದಿಲ್ಲ, ನೆನೆಹಾಕಿ ಹಿಂಡಿ ಅಡುಗೆ ಮಾಡುತ್ತಾರೆ. ಒಂದು ಪಾಲು ಸೊಳೆಯನ್ನು ಮೂರು ಪಾಲು ನೀರಿಗೆ ಹಾಕಿ ಸಾಕಷ್ಟು ಹೊತ್ತು ಬಿಟ್ಟರೆ ಉಪ್ಪು ನಾಲ್ಕೂ ಪಾಲಿಗೆ ಸಮನಾಗಿ ಹಂಚಿಕೊಳ್ಳುತ್ತದೆ. ಅಂದರೆ ಸೊಳೆಯಲ್ಲಿ ಕಾಲು ಭಾಗ ಮಾತ್ರ, ಸುಮಾರು 4 ಗ್ರಾಂ ಉಳಿಯಿತು. ಆ ನೀರು ಚೆಲ್ಲಿ ಮತ್ತೆ ಮೂರು ಪಾಲು ಹೊಸ ನೀರು ಹಾಕಿ. ಅದರಲ್ಲೂ ಕಾಲು ಭಾಗ. ಉಳಿದದ್ದು ಒಂದು ಗ್ರಾಂ. ಅಡುಗೆಮನೆಯಲ್ಲಿ ಎಲ್ಲವೂ ಪುಸ್ತಕದ ಲೆಕ್ಕದಂತೆ ನಡೆಯುವುದಿಲ್ಲ, ಒಂದೂವರೆ ಎನ್ನಿ. ನೂರು ಗ್ರಾಂ ಸೊಳೆಯ ಪಲ್ಯ, ಬೇರೆ ಉಪ್ಪು ಹಾಕದೆ ಮಾಡಿದ್ದು, ಒಂದೇ ಒಂದು ಮಿಡಿಗೆ ಸಮ!

ಅದೇ ಸೊಳೆಯನ್ನು ಅರ್ಧ ಗಂಟೆ ನೆನೆಸಿ, ಒಂದು ಸಲ ಹಿಂಡಿ ಒಗ್ಗರಣೆಗೆ ಹಾಕಿದರೆ? ಮೇಲಿನ ಪದರದ ಉಪ್ಪು ಹೋಯಿತು, ಒಳಗಿನದು ಹಾಗೇ ಇದೆ. ಆರೇಳು ಗ್ರಾಂ ಉಳಿದರೂ ಆಶ್ಚರ್ಯವಿಲ್ಲ. ಮೇಲಿನಿಂದ ಕಾಯಿತುರಿ, ಬೆಲ್ಲ, ಮೆಣಸು ಬೀಳುವುದರಿಂದ ನಾಲಿಗೆಗೆ ಅಷ್ಟು ಗೊತ್ತೂ ಆಗುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನನ್ನ ಬಳಿ ಬರುವ ಹಿರಿಯರೊಬ್ಬರಿಗೆ ಹಾರ್ಟ್ ಫೇಲ್ಯೂರ್. ಅಂದರೆ ಹೃದಯ ನಿಂತುಹೋಗುವುದಲ್ಲ, ಅದರ ಪಂಪ್ ಮಾಡುವ ಶಕ್ತಿ ಕಡಿಮೆಯಾಗುವುದು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಎರಡು ವರ್ಷ ಸತತವಾಗಿ ಮಳೆಗಾಲದಲ್ಲೇ ಕಾಲು ಬಾತು, ರಾತ್ರಿ ಮಲಗಿದರೆ ಉಸಿರು ಕಟ್ಟಿ ಅಡ್ಮಿಟ್ ಆದರು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಉಪ್ಪಿನಕಾಯಿ, ಹಪ್ಪಳ ಮನೆಯಿಂದಲೇ ಹೊರಗೆ ಹಾಕಿದ್ದೇವೆ ಎಂದು ಮಗ ಹೇಳುತ್ತಿದ್ದ, ಅದೂ ನಿಜವೇ. ಎರಡನೇ ಸಲ ಬಿಡುಗಡೆ ಮಾಡುವಾಗ ಅವರ ಹೆಂಡತಿಯನ್ನು ಕೂರಿಸಿಕೊಂಡು ಬೆಳಿಗ್ಗೆಯಿಂದ ರಾತ್ರಿಯವರೆಗಿನ ಅಡುಗೆ ಕೇಳಿದೆವು. "ಉಪ್ಪಿನಕಾಯಿ ಬಿಟ್ಟರಲ್ಲ, ಅದಕ್ಕೆ ವಾರಕ್ಕೆ ಮೂರು ಸಲ ಪಚ್ಚಿಲ್ ಪಲ್ಯ ಮಾಡುತ್ತೇನೆ" ಎಂದರು ಆ ಅಮ್ಮ. ಎಷ್ಟು ಹೊತ್ತು ನೆನೆಸುತ್ತೀರಿ ಎಂದರೆ, ಊರಲ್ಲಿ ರಾತ್ರಿಯಿಡೀ ನೆನೆಸಿ ಬಾವಿಕಟ್ಟೆಯ ಹತ್ತಿರ ಮೂರು ನೀರು ತೊಳೆಯುತ್ತಿದ್ದೆವು, ಇಲ್ಲಿ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ ನೀರು ಬರುವುದು, ಮಗನ ಲೋಕಲ್ ಏಳೂವರೆಗೆ, ಅಷ್ಟರಲ್ಲಿ ಡಬ್ಬಿ ಆಗಬೇಕು, ಒಂದು ಸಲ ತೊಳೆದು ಹಾಕುತ್ತೇನೆ ಎಂದರು. ಪದಾರ್ಥ ಊರಿನಿಂದ ಬಂತು, ಬಾವಿಯ ನೀರು ಬರಲಿಲ್ಲ.

ಆ ಅಮ್ಮನದು ತಪ್ಪು ಎಂದು ನಾನು ಹೇಳುವುದಿಲ್ಲ. ವೈದ್ಯರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ "ಉಪ್ಪಿನಕಾಯಿ, ಹಪ್ಪಳ ಬಂದ್" ಎಂದಷ್ಟೇ ಇರುತ್ತದೆ. ಮುಂಬಯಿಯಲ್ಲಿ ಅಚ್ಚು ಹಾಕಿದ ಪಥ್ಯದ ಹಾಳೆಯಲ್ಲಿ ಉಪ್ಪುಸೊಳೆ ಎಂಬ ಹೆಸರು ಎಲ್ಲಿಂದ ಬರಬೇಕು? ಆ ಹಾಳೆ ಬರೆದವರು ಅದನ್ನು ಕಂಡೇ ಇರುವುದಿಲ್ಲ. ಹೈದರಾಬಾದಿನಲ್ಲಿ ಆವಕಾಯ, ಚೆನ್ನೈಯಲ್ಲಿ ಮೋರ್ ಮಿಳಗಾಯ್, ಅಂದರೆ ನಮ್ಮ ಮಜ್ಜಿಗೆ ಮೆಣಸಿನಕಾಯಿ, ಅಲ್ಲಿನ ವೈದ್ಯರಿಗೆ ಗೊತ್ತು. ನಮ್ಮ ಮನೆಯ ಪದಾರ್ಥದ ಹೆಸರು ನಾವೇ ಹೇಳಬೇಕು, ಅದನ್ನು ಹೇಗೆ ಮಾಡುತ್ತೇವೆ ಎಂದೂ ಹೇಳಬೇಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಡುಗೆ ಮಾಡುವವರನ್ನು ಕರೆದುಕೊಂಡು ಹೋಗಿ. ಮಗನಿಗೆ ಇನ್ಶೂರೆನ್ಸ್ ಪೇಪರ್ ಗೊತ್ತಿರುತ್ತದೆ, ಒಗ್ಗರಣೆಗೆ ಏನು ಬಿತ್ತು ಎಂದು ಗೊತ್ತಿರುವುದಿಲ್ಲ.

ಉಪ್ಪಿನಿಂದ ಹೃದಯಕ್ಕೆ ಏನಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಉಪ್ಪಿನ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಗಟ್ಟಿ ಹೃದಯ, ಗಟ್ಟಿ ಮೂತ್ರಪಿಂಡ ಇರುವವರು ಅದನ್ನು ಹೊರಗೆ ಹಾಕುತ್ತಾರೆ. ದುರ್ಬಲ ಹೃದಯದವರಲ್ಲಿ ಆ ನೀರು ಕಾಲಿಗೆ, ಹೊಟ್ಟೆಗೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪು ಕಡಿಮೆ ಮಾಡಿದಷ್ಟೂ ಬಿಪಿ ಇಳಿಯುತ್ತದೆ ಎಂಬುದನ್ನು 2001ರಲ್ಲಿ ಪ್ರಕಟವಾದ ಡ್ಯಾಶ್-ಸೋಡಿಯಂ ಎಂಬ ಅಮೆರಿಕದ ಅಧ್ಯಯನ ಸ್ಪಷ್ಟವಾಗಿ ತೋರಿಸಿತು. 412 ಜನರಿಗೆ ಊಟವನ್ನೇ ಸಿದ್ಧಮಾಡಿ ಕೊಟ್ಟು, ಮೂರು ಮಟ್ಟದಲ್ಲಿ ಸೋಡಿಯಂ ಬದಲಿಸಿ ನೋಡಿದರು. ಒಂದೊಂದು ಮೆಟ್ಟಿಲು ಇಳಿದಂತೆ ಬಿಪಿಯೂ ಇಳಿಯಿತು.

ಹಾಗೆಂದು ಉಪ್ಪನ್ನು ಪೂರ್ತಿ ಬಿಡಿಸಿದರೆ ಇನ್ನೂ ಒಳ್ಳೆಯದೇ? ಇಲ್ಲಿ ನನ್ನ ಅಭಿಪ್ರಾಯ ಕೆಲವು ಸಹೋದ್ಯೋಗಿಗಳಿಗಿಂತ ಬೇರೆ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸೋಡಿಯಂ-ಎಚ್‌ಎಫ್ ಎಂಬ ಅಧ್ಯಯನ ಬಂತು. ಹಾರ್ಟ್ ಫೇಲ್ಯೂರ್ ಇರುವ 800ಕ್ಕೂ ಹೆಚ್ಚು ಜನರಲ್ಲಿ ಅರ್ಧ ಜನರಿಗೆ ದಿನಕ್ಕೆ 1,500 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ ಸುಮಾರು ಮುಕ್ಕಾಲು ಚಮಚ ಉಪ್ಪಿನ ಕಟ್ಟುನಿಟ್ಟಿನ ಪಥ್ಯ ಹೇಳಿ, ಉಳಿದವರಿಗೆ ಮಾಮೂಲಿ ಸಲಹೆ ಕೊಟ್ಟು ಒಂದು ವರ್ಷ ನೋಡಿದರು. ಸಾವು, ಹೃದಯದ ತೊಂದರೆಗಾಗಿ ಆಸ್ಪತ್ರೆ ಸೇರುವುದು ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇದರ ಅರ್ಥ ಎಷ್ಟು ಬೇಕಾದರೂ ಉಪ್ಪು ತಿನ್ನಿ ಎಂದಲ್ಲ. ಮಾಮೂಲಿ ಸಲಹೆ ಪಡೆದ ಗುಂಪಿನವರೂ ನಮ್ಮವರಷ್ಟು ಉಪ್ಪು ತಿನ್ನುತ್ತಿರಲಿಲ್ಲ. ಅತಿ ಬಿಗಿ ಮಾಡಿದರೆ ಹೆಚ್ಚುವರಿ ಲಾಭ ಕಂಡುಬಂದಿಲ್ಲ ಎಂದಷ್ಟೇ. ಆದರೆ ಅತಿ ಬಿಗಿಯಿಂದ ಆಗುವ ನಷ್ಟ ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಊರು ಬಿಟ್ಟು ಬಂದ ಎಪ್ಪತ್ತೈದರ ಹಿರಿಯರು. ಭಾಷೆ ಗೊತ್ತಿಲ್ಲದ ನೆರೆಹೊರೆ, ಹನ್ನೊಂದನೇ ಮಹಡಿ, ದಿನವಿಡೀ ಟಿವಿ. ಅವರ ತಟ್ಟೆಯಿಂದ ಊರಿನ ರುಚಿಯನ್ನೂ ಎತ್ತಿಬಿಟ್ಟರೆ ಊಟವೇ ಸೇರುವುದಿಲ್ಲ. ಮೂರು ತಿಂಗಳಲ್ಲಿ ಆರು ಕಿಲೋ ತೂಕ ಇಳಿದು, ತೋಳಿನ ಸ್ನಾಯು ಕರಗಿ, ಬಾತ್‌ರೂಮಿನಲ್ಲಿ ಜಾರಿ ಬೀಳುತ್ತಾರೆ. ಹೃದಯದ ರೋಗಿಗೆ ಹೊಟ್ಟೆಗಿಲ್ಲದೆ ಸೊರಗುವುದೂ ಅಪಾಯವೇ. ಇಲ್ಲವೇ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಭರಣಿಗೆ ಕೈ ಹಾಕುತ್ತಾರೆ. ಕದ್ದು ತಿನ್ನುವವರು ಒಂದು ಮಿಡಿಗೆ ನಿಲ್ಲಿಸುತ್ತಾರೆಯೇ?

ಹಾಗಾಗಿ ನಾನು ಬಂದ್ ಎನ್ನುವ ಬದಲು ಲೆಕ್ಕ ಇಡಿ ಎನ್ನುತ್ತೇನೆ.

ಲೆಕ್ಕ ಇಡುವಾಗ ನಮ್ಮ ಹಿರಿಯರು ಇವನ್ನು ಹೇಗೆ ತಿನ್ನುತ್ತಿದ್ದರು ಎಂದು ನೆನಪಿಸಿಕೊಳ್ಳಿ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿರುತ್ತಿರಲಿಲ್ಲ. ದೊಡ್ಡ ಬಟ್ಟಲು ಗಂಜಿ, ಪಕ್ಕದಲ್ಲಿ ಒಂದು ಮಿಡಿ. ಆ ಊಟದ ಉಪ್ಪು ಎಂದರೆ ಆ ಮಿಡಿಯೇ. ಉತ್ತರ ಕರ್ನಾಟಕದಲ್ಲೂ ಅಷ್ಟೇ, ಎಷ್ಟೋ ಮನೆಗಳಲ್ಲಿ ಜೋಳದ ರೊಟ್ಟಿಗೆ ಉಪ್ಪಿಲ್ಲ. ರಂಜಕವೋ ಕೆಂಪು ಚಟ್ನಿಯೋ ಅದಕ್ಕೆ ಉಪ್ಪು. ಜೊತೆಗೆ ಬಿಸಿಲಲ್ಲಿ ಗದ್ದೆಯ ಕೆಲಸ, ಬೆವರಿನಲ್ಲಿ ಸ್ವಲ್ಪ ಉಪ್ಪು ಹೊರಗೆ ಹೋಗುತ್ತಿತ್ತು. ನಾವು ಈ ಊರುಗಳಿಗೆ ಬಂದ ಮೇಲೆ ಗಂಜಿ ಬಿಟ್ಟೆವು, ಮಿಡಿ ಬಿಡಲಿಲ್ಲ. ಈಗ ಅದೇ ಮಿಡಿ ಬೀಳುವುದು ಉಪ್ಪು ಹಾಕಿದ ಚಪಾತಿ, ಉಪ್ಪು ಹಾಕಿದ ಭಾಜಿ, ಉಪ್ಪು ಹಾಕಿದ ದಾಲ್ ಇರುವ ತಟ್ಟೆಗೆ. ಬೆಳಿಗ್ಗೆ ಪಾವ್, ಸಂಜೆ ಫರ್ಸಾಣ್, ದೆಹಲಿಯವರಾದರೆ ಪರಾಠಾ. ಕೆಲಸ ಎಸಿ ಆಫೀಸಿನಲ್ಲಿ. ಉಪ್ಪಿನಕಾಯಿ ಬದಲಾಗಿಲ್ಲ, ಅದರ ಸುತ್ತಲಿನ ಊಟ ಬದಲಾಗಿದೆ. ಹಿರಿಯರು ಉಪ್ಪಿನಕಾಯಿ ತಿಂದೇ ತೊಂಬತ್ತು ವರ್ಷ ಬದುಕಿದರಲ್ಲ ಎನ್ನುವವರಿಗೆ ನನ್ನ ಉತ್ತರ ಇದೇ.

ಸೊಳೆಯ ವಿಷಯದಲ್ಲೂ ಹಾಗೆಯೇ. ಕರಾವಳಿಯ ಮಳೆಗಾಲದಲ್ಲಿ ತರಕಾರಿ ಸಿಗುತ್ತಿರಲಿಲ್ಲ, ಅದಕ್ಕೆ ಭರಣಿ ಬೇಕಿತ್ತು. ಮಾಟುಂಗಾ ಮಾರ್ಕೆಟ್ಟಿನಲ್ಲಿ, ಪುಣೆಯ ಮಂಡಿಯಲ್ಲಿ ವರ್ಷಪೂರ್ತಿ ಸೊಪ್ಪು ತರಕಾರಿ ಬಿದ್ದಿರುತ್ತದೆ. ಇಲ್ಲಿ ಸೊಳೆ ನಮ್ಮ ಅಗತ್ಯವಲ್ಲ, ಆಸೆ. ತಪ್ಪಿಲ್ಲ, ಆದರೆ ಆಸೆಯ ಅಡುಗೆಯನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು.

ನನ್ನ ರೋಗಿಗಳಿಗೆ ನಾನು ಹೇಳುವುದು ಹೀಗೆ. ಬಿಪಿ ಮಾತ್ರ ಇದ್ದು ಹಿಡಿತದಲ್ಲಿದ್ದರೆ ದಿನಕ್ಕೆ ಒಂದು ಮಿಡಿ, ಅದೂ ಗಂಜಿ, ಮೊಸರನ್ನ ಅಥವಾ ಉಪ್ಪು ಹಾಕದ ರೊಟ್ಟಿಯ ಜೊತೆ, ಆ ಊಟದ ಉಪ್ಪಿನ ಬದಲಿಗೆ. ಮೊಸರನ್ನಕ್ಕೂ ಉಪ್ಪು ಹಾಕಿ ಪಕ್ಕದಲ್ಲಿ ಮಿಡಿಯನ್ನೂ ಇಟ್ಟುಕೊಂಡರೆ ಒಪ್ಪಂದ ಮುರಿದ ಹಾಗೆ. ಮಿಡಿಯನ್ನು ತಿನ್ನಿ, ಬಟ್ಟಲಲ್ಲಿ ಉಳಿದ ಕೆಂಪು ರಸವನ್ನು ಅನ್ನಕ್ಕೆ ಕಲಸಬೇಡಿ. ಉಪ್ಪು ಹೆಚ್ಚು ಇರುವುದು ಆ ರಸದಲ್ಲೇ. ಹಾರ್ಟ್ ಫೇಲ್ಯೂರ್ ಇರುವವರಿಗೆ ದಿನಾ ಮಿಡಿ ಬೇಡ, ವಾರಕ್ಕೆ ಒಂದೆರಡು ಸಲ ಅರ್ಧ ಮಿಡಿ. ಅವರಿಗೆ ಚೆನ್ನಾಗಿ ನೆನೆಸಿದ ಸೊಳೆಯ ಪಲ್ಯವೇ ಮೇಲು, ರುಚಿ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ರಾತ್ರಿ ಮಲಗುವ ಮುಂಚೆ ಮೂರು ಪಾಲು ನೀರಿನಲ್ಲಿ ಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹಿಂಡಿ, ಹೊಸ ನೀರಿನಲ್ಲಿ ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಮಧ್ಯಾಹ್ನಕ್ಕೋ ರಾತ್ರಿಗೋ ಅಡುಗೆ ಮಾಡಿ. ಬೆಳಿಗ್ಗೆಯ ಡಬ್ಬಿಗೆ ಅವಸರದಲ್ಲಿ ಮಾಡಬೇಡಿ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಮಾಮೂಲಿ ಪಲ್ಯಕ್ಕಿಂತ ಸಪ್ಪೆ ಎನಿಸಬೇಕು. ಎನಿಸದಿದ್ದರೆ ಇನ್ನೊಂದು ನೀರು.

ಕರಿದದ್ದು ಮಾತ್ರ ಬೇರೆ ವಿಷಯ. ಸೊಳೆ ಬೀಸಿ ಉಂಡೆ ಮಾಡಿ ತೆಂಗಿನೆಣ್ಣೆಯಲ್ಲಿ ಕರಿದ ಉಂಡ್ಲಕಾಳು ಮಳೆ ಬರುವಾಗ ಎಷ್ಟು ರುಚಿ ಎಂದು ನನಗೂ ಗೊತ್ತು. ತೆಂಗಿನೆಣ್ಣೆಯ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ಸ್ಟೆಂಟ್ ಹಾಕಿಸಿಕೊಂಡವರು ನಾಲ್ಕು ಉಂಡೆಗೆ ಕೈ ತೊಳೆದುಕೊಳ್ಳಲಿ.

ಅಂಗಡಿಯ ಉಪ್ಪಿನಕಾಯಿ ತಿನ್ನುವವರು ಬಾಟಲಿಯ ಹಿಂದೆ ನೋಡಿ. ನೂರು ಗ್ರಾಂಗೆ ಎಷ್ಟು ಮಿಲಿಗ್ರಾಂ ಸೋಡಿಯಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 6,000 ಮಿಲಿಗ್ರಾಂ ಸೋಡಿಯಂ ಎಂದರೆ 15 ಗ್ರಾಂ ಉಪ್ಪು. ಎಲ್ಲರೂ ಪ್ರಿಸರ್ವೇಟಿವ್ ಬಗ್ಗೆ ಹೆದರುತ್ತಾರೆ, ಅದಕ್ಕಿಂತ ದೊಡ್ಡ ಸಂಖ್ಯೆ ಪಕ್ಕದಲ್ಲೇ ಇರುತ್ತದೆ. ಸೈಂಧವ ಲವಣ, ಗುಲಾಬಿ ಉಪ್ಪು, ಹರಳುಪ್ಪು ಹಾಕಿದ್ದೇವೆ ಎಂದರೂ ಲೆಕ್ಕ ಬದಲಾಗುವುದಿಲ್ಲ. ಎಲ್ಲವೂ ಸೋಡಿಯಂ ಕ್ಲೋರೈಡೇ, ಬೆಲೆ ಮಾತ್ರ ಬೇರೆ.

ಪೇಟೆಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅದರಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು. ಒಳ್ಳೆಯ ಸುದ್ದಿಯೇ. ಆದರೆ ಆ ಅಧ್ಯಯನದಲ್ಲಿ ಗಂಭೀರ ಕಿಡ್ನಿ ತೊಂದರೆ ಇದ್ದವರನ್ನು, ಪೊಟ್ಯಾಸಿಯಂ ಉಳಿಸುವ ಮಾತ್ರೆ ತಿನ್ನುವವರನ್ನು ಸೇರಿಸಿಕೊಂಡಿರಲಿಲ್ಲ. ನಮ್ಮ ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಬಹಳಷ್ಟು ಮಂದಿ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಥರದ ಮಾತ್ರೆಗಳಲ್ಲಿರುತ್ತಾರೆ. ಅವು ಮೊದಲೇ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಅದರ ಮೇಲೆ ಈ ಉಪ್ಪು ಬಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರನ್ನು ಕೇಳದೆ, ರಕ್ತ ಪರೀಕ್ಷೆ ಮಾಡಿಸದೆ ಇಂಥವರು ಆ ಪ್ಯಾಕೆಟ್ ಮನೆಗೆ ತರಬೇಡಿ. ವಿಚಿತ್ರ ನೋಡಿ, ಪೊಟ್ಯಾಸಿಯಂ ಏರಿದವರಿಗೆ ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿದ ಸೊಳೆ ಹಸಿ ಹಲಸಿಗಿಂತ ಸುರಕ್ಷಿತ, ಪೊಟ್ಯಾಸಿಯಂ ನೀರಿನ ಜೊತೆ ಹೋಗಿರುತ್ತದೆ. ಒಬ್ಬರಿಗೆ ನಷ್ಟವಾದದ್ದು ಇನ್ನೊಬ್ಬರಿಗೆ ಲಾಭ. ಆದರೂ ಕಿಡ್ನಿ ತೊಂದರೆ ಇರುವವರು ನಿಮ್ಮ ಕಿಡ್ನಿ ಡಾಕ್ಟರನ್ನು ಕೇಳಿಯೇ ತಿನ್ನಿ.

ಇನ್ನೊಂದು ಗೊಂದಲ. ಕೆಲವು ಹಿರಿಯರಿಗೆ ರಕ್ತದಲ್ಲಿ ಸೋಡಿಯಂ ಕಡಿಮೆ ಎಂದು ರಿಪೋರ್ಟ್ ಬರುತ್ತದೆ. ಕೂಡಲೇ ಮನೆಯವರು ಉಪ್ಪಿನಕಾಯಿ ಬಡಿಸುತ್ತಾರೆ. ಹಾರ್ಟ್ ಫೇಲ್ಯೂರ್‌ನಲ್ಲಿ ಎಷ್ಟೋ ಸಲ ಉಪ್ಪು ಕಡಿಮೆಯಾಗಿರುವುದಿಲ್ಲ, ನೀರು ಜಾಸ್ತಿಯಾಗಿ ಉಪ್ಪು ತೆಳುವಾಗಿರುತ್ತದೆ. ಅಲ್ಲಿ ಉಪ್ಪಿನಕಾಯಿ ಮದ್ದಲ್ಲ. ಕಾರಣ ಯಾವುದು ಎಂದು ವೈದ್ಯರೇ ಹೇಳಬೇಕು.

ನಿಮಗೆ ಉಪ್ಪು ಎಷ್ಟು ತಾಗುತ್ತದೆ ಎಂದು ನೋಡಬೇಕೆ? ಎಲ್ಲರಿಗೂ ಒಂದೇ ರೀತಿ ತಾಗುವುದಿಲ್ಲ. ವಯಸ್ಸಾದವರಿಗೆ, ಡಯಾಬಿಟಿಸ್ ಇರುವವರಿಗೆ, ಕಿಡ್ನಿ ದುರ್ಬಲ ಇರುವವರಿಗೆ ಹೆಚ್ಚು. ಎರಡು ವಾರ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಿಲ್ಲಿಸಿ, ದಿನಾ ಬೆಳಿಗ್ಗೆ ಮಾತ್ರೆಗೆ ಮುಂಚೆ ಬಿಪಿ ಬರೆದಿಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮುಂದಿನ ಎರಡು ವಾರ ಮೊದಲಿನಂತೆ ತಿಂದು ಬರೆದಿಡಿ. ನನ್ನ ಉಪದೇಶಕ್ಕಿಂತ ನಿಮ್ಮ ಪುಸ್ತಕದ ಅಂಕಿ ಹೆಚ್ಚು ನಂಬಿಕೆ ಕೊಡುತ್ತದೆ. ಹಾರ್ಟ್ ಫೇಲ್ಯೂರ್ ಇರುವವರು ಈ ಪ್ರಯೋಗ ಮಾಡಬೇಡಿ. ಅವರಿಗೆ ತೂಕದ ಯಂತ್ರ ಸಾಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಹಿಂದಿನ ಮೂರು ದಿನ ಏನು ತಿಂದಿರಿ ಎಂದು ನೆನಪಿಸಿಕೊಂಡು ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ಫೋನಿಗೂ ಕಾಯಬೇಡಿ, ಹೊರಡಿ.

ಕೊನೆಯದಾಗಿ ಊರಿನಲ್ಲಿ ಭರಣಿ ತುಂಬಿಸುವ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಒಂದು ವಿನಂತಿ. ಈ ಲೇಖನ ಓದಿ "ಮಗನಿಗೆ ಬಿಪಿ, ಈ ವರ್ಷ ಸೊಳೆಗೆ ಅರ್ಧ ಉಪ್ಪು ಹಾಕುತ್ತೇನೆ" ಎಂದು ಮಾತ್ರ ಮಾಡಬೇಡಿ. ಮಾವಿಗೆ ತನ್ನದೇ ಹುಳಿಯ ಕಾವಲಿದೆ, ಆದರೂ ಉಪ್ಪು ಕಡಿಮೆಯಾದರೆ ಬೂಸ್ಟು ಬರುತ್ತದೆ. ಸೊಳೆಗೆ ಆ ಹುಳಿಯೂ ಇಲ್ಲ. ಉಪ್ಪೊಂದೇ ಅದನ್ನು ಕಾಯುವುದು. ಉಪ್ಪು ಕಡಿಮೆ ಹಾಕಿದ ಸೊಳೆ ಬಸ್ಸಿನಲ್ಲೋ ಮತ್ಸ್ಯಗಂಧ ರೈಲಿನಲ್ಲೋ ಪ್ರಯಾಣ ಮಾಡಿ, ಇಲ್ಲಿನ ಸೆಕೆಯಲ್ಲಿ ಕೂತರೆ ವಿಷವೂ ಆಗಬಹುದು. ನೀವು ಯಾವಾಗಿನ ಅಳತೆಯಲ್ಲೇ ಉಪ್ಪು ಹಾಕಿ ಕಳಿಸಿ. ಅದನ್ನು ತೆಗೆಯುವ ಕೆಲಸ ಇಲ್ಲಿನ ಅಡುಗೆಮನೆಯದು. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದರೆ ಇನ್ನೂ ಒಳ್ಳೆಯದು: "ರಾತ್ರಿ ನೆನೆಹಾಕು, ಎರಡು ನೀರು ಚೆಲ್ಲು, ಮೇಲಿಂದ ಉಪ್ಪು ಹಾಕಬೇಡ."